ಜಾಲಿಯಲ್ಲಿ ಇಳಿದ ಮೂವತ್ತೆಂಟು ಮಂದಿ

ಶರಾವತಿಗೆ ಸೇತುವೆಯಾಗಿ ಬಸ್ಸುಗಳು ಹೊಳೆಯ ಮೇಲೇ ಓಡತೊಡಗಿದ ಮೇಲೆ ನಮ್ಮ ಲಾಂಚಿಗೆ ಕೆಲಸವಿಲ್ಲದಂತಾಯಿತು. ಅಲ್ಲಿಯವರೆಗೆ ಅಪ್ಪ ಹೊನ್ನಾವರದಲ್ಲಿ ದೋಣಿ ಕಟ್ಟುವ ಧಕ್ಕೆಯಿಂದ ಆಚೆ ದಡಕ್ಕೆ ದಿನಕ್ಕೆ ಹದಿನಾರು ಸಲ ಜನರನ್ನು ದಾಟಿಸುತ್ತಿದ್ದ. ಕೊನೆಯ ವಾರದ ಲೆಕ್ಕ ನನ್ನ ದಿನಚರಿಯಲ್ಲಿದೆ. ಸೋಮವಾರ ಇನ್ನೂರ ಹನ್ನೊಂದು ಮಂದಿ, ಗುರುವಾರ ಅರವತ್ತು, ಶನಿವಾರ ಒಂಬತ್ತು. ಆ ಒಂಬತ್ತರಲ್ಲಿ ನಾಲ್ವರು ನಮ್ಮ ನೆಂಟರು.

ಎರಡು ತಿಂಗಳು ಲಾಂಚು ಕಟ್ಟಿದಲ್ಲೇ ನಿಂತಿತ್ತು. ಮಲ್ಪೆಯ ಒಬ್ಬರು ಅದನ್ನು ಕೊಂಡು, ಕೂರುವ ಹಲಗೆಗಳನ್ನು ಕಿತ್ತು, ಮೀನು ಹಿಡಿಯುವ ಬೋಟು ಮಾಡುವುದಾಗಿ ಹೇಳಿ ಹೋಗಿದ್ದರು. ಅಪ್ಪನಿಗೆ ಮನಸ್ಸಿರಲಿಲ್ಲ. ಭಾನುವಾರಗಳಂದು ಜನರನ್ನು ಕುಮಟಾದಿಂದ ಭಟ್ಕಳದವರೆಗೆ ಸಮುದ್ರದಲ್ಲಿ ತಿರುಗಾಡಿಸಿಕೊಂಡು ಬಂದರೆ ಹೇಗೆ ಎಂದು ಒಂದು ದಿನ ಊಟಕ್ಕೆ ಕೂತಾಗ ಕೇಳಿದ. ನನಗಾಗ ಇಪ್ಪತ್ತು ವರ್ಷ, ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಅರ್ಜಿಯನ್ನು ಮೂರು ಪ್ರತಿ ಬರೆದುಕೊಟ್ಟವಳು ನಾನೇ.

ಬಂದರು ಕಚೇರಿಯಿಂದ ಉತ್ತರ ಬಂತು. ಒಂದು ಪರೀಕ್ಷೆಯ ಸಫರು ಮಾಡಿ ತೋರಿಸಬೇಕು. ಬಂದರಿನ ಅಧಿಕಾರಿಯೊಬ್ಬರು ಜೊತೆಗಿರುತ್ತಾರೆ. ಕುಮಟಾ, ಹೊನ್ನಾವರ, ಭಟ್ಕಳ, ಈ ಮೂರೂ ತಾಲೂಕುಗಳಲ್ಲಿ ಪ್ರಯಾಣಿಕರನ್ನು ಹತ್ತಿಸಬೇಕು ಇಲ್ಲವೇ ಇಳಿಸಬೇಕು. ಪ್ರತಿ ಸಲವೂ ತಲೆ ಎಣಿಕೆ ಸರಿಹೋಗಬೇಕು. ಸಂಜೆ ಆರರೊಳಗೆ ಹೊನ್ನಾವರದ ಧಕ್ಕೆಗೆ ಮರಳಿರಬೇಕು. ಇದಾದರೆ ಪರವಾನಗಿ. ಇಲ್ಲವಾದರೆ ಅದರ ಮುಂದಿನ ಬುಧವಾರ ಮಲ್ಪೆಯವರು ಬಂದು ಲಾಂಚು ಒಯ್ಯುತ್ತಾರೆ. ಪರವಾನಗಿ ಸಿಗದಿದ್ದರೆ ಮಾರುವುದಾಗಿ ಅಪ್ಪ ಅವರಿಗೆ ಮಾತು ಕೊಟ್ಟಾಗಿತ್ತು.

ದಿನ ಗೊತ್ತಾಯಿತು, ಫೆಬ್ರವರಿಯ ಎರಡನೆಯ ಭಾನುವಾರ. ಸಣ್ಣ ಮಕ್ಕಳೂ ಬರುವವರಿದ್ದರು. ಅಂಚಿನ ಕಂಬಿಗಳ ನಡುವೆ ಯಾರಾದರೂ ಜಾರಿ ಬಿದ್ದರೆ ಎಂಬ ಹೆದರಿಕೆ ನನಗೆ. ಚಿಕ್ಕಪ್ಪನ ಮನೆಯ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ನೈಲಾನ್ ಬಲೆಯನ್ನು ತಂದು ತೊಳೆದು ಲಾಂಚಿನ ಎರಡೂ ಬದಿಗೆ ಕಟ್ಟಿದೆ. ಶನಿವಾರ ಇಡೀ ಹಗಲು ಹಿಡಿಯಿತು. ನೂರ ನಲವತ್ತು ಗಂಟುಗಳು. ಅಪ್ಪ ನೋಡಿ, "ಆತು, ಗಟ್ಟಿಯಿದೆ" ಎಂದ. ಹುಟ್ಟಿದಂದಿನಿಂದ ಬಲೆಗಳ ನಡುವೆಯೇ ಬೆಳೆದ ನಮಗಿಬ್ಬರಿಗೂ ಬಲೆ ಕಣ್ಣಿಗೆ ಬೀಳುವ ವಸ್ತುವೇ ಆಗಿರಲಿಲ್ಲ.

ಆ ವರ್ಷ ಕರಾವಳಿಯುದ್ದಕ್ಕೂ ಗಲಾಟೆಯಿತ್ತು. ಪರ್ಸಿನ್ ಬೋಟುಗಳು ದೊಡ್ಡ ಬಲೆ ಹೊತ್ತು ಹೊರ ಸಮುದ್ರದಲ್ಲೇ ಬಂಗಡೆಯ ಹಿಂಡನ್ನು ಸುತ್ತುಗಟ್ಟಿ ಎತ್ತಿಬಿಡುತ್ತಿದ್ದವು. ದಡದಲ್ಲಿ ನಿಂತು ರಂಪಣಿ ಬಲೆ ಎಳೆಯುವ ನೂರಾರು ಜನರಿಗೆ ಮೀನು ಉಳಿಯುತ್ತಿರಲಿಲ್ಲ. ಅಲ್ಲಲ್ಲಿ ಬೋಟುಗಳನ್ನು ತಡೆದ ಸುದ್ದಿ ನಮಗೂ ಬಂದಿತ್ತು. ನಾವು ಮೀನು ಹಿಡಿಯುವವರಲ್ಲವಲ್ಲ ಎಂದು ಸುಮ್ಮನಿದ್ದೆವು.

ಬೆಳಿಗ್ಗೆ ಆರು ಇಪ್ಪತ್ತಕ್ಕೆ ಕುಮಟಾದಲ್ಲಿ ಹದಿನೇಳು ಜನ ಹತ್ತಿದರು. ಅವರಲ್ಲಿ ಘಟ್ಟದ ಬುಡದ ಸಂತೆಗುಳಿಯ ಒಬ್ಬ ಹವ್ಯಕ ಅಜ್ಜಿಯೂ ಇದ್ದರು. ಕುಮಟಾದ ಪೇಟೆಗೆ ಎಷ್ಟೋ ಸಲ ಬಂದಿದ್ದರೂ ಸಮುದ್ರದ ಮೇಲೆ ಹೋದವರಲ್ಲ. ಅಪ್ಪ ಕೈ ನೀಡಿದಾಗ, "ಬ್ಯಾಡ ಬ್ಯಾಡ, ಆನೇ ಬತ್ತೆ" ಎಂದು ಸೆರಗು ಸಿಕ್ಕಿಸಿಕೊಂಡು ತಾವೇ ಹತ್ತಿ ಎಲ್ಲರಿಗಿಂತ ಮುಂದಿನ ಹಲಗೆಯಲ್ಲಿ ಕೂತರು. ಎಂಟು ಐದಕ್ಕೆ ಹೊನ್ನಾವರದಲ್ಲಿ ಇಪ್ಪತ್ತೊಂದು ಜನ, ಹೆಚ್ಚಿನವರು ಮಾಸ್ತರುಗಳ ಮನೆಯವರು. ಒಟ್ಟು ಮೂವತ್ತೆಂಟು. ಕಾರವಾರದಿಂದ ಬಂದಿದ್ದ ಅಧಿಕಾರಿಯನ್ನು ಬೇರೆಯಾಗಿ ಬರೆದುಕೊಂಡೆ. ಅವರು ಮಾತು ಕಡಿಮೆಯ ಮನುಷ್ಯ. ಕಡತವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಎಣಿಕೆಯನ್ನು ತಾವೂ ಒಮ್ಮೆ ಎಣಿಸಿ ನೋಡುತ್ತಿದ್ದರು.

ಹನ್ನೊಂದು ಹತ್ತಕ್ಕೆ ಭಟ್ಕಳದ ಹೊಳೆ ಸಮುದ್ರ ಸೇರುವ ಅಳಿವೆ ಕಂಡಿತು. ಅದರ ಬಾಯಿಗೆ ಅಡ್ಡಲಾಗಿ ದೋಣಿಗಳ ಸಾಲು. ಒಂದಕ್ಕೊಂದು ಹಗ್ಗದಿಂದ ಬಿಗಿದಿದ್ದರು. ಎಣಿಸಿದೆ, ಹದಿನಾಲ್ಕು. ನಡುವಿನ ದೋಣಿಯಲ್ಲಿ ಎದ್ದು ನಿಂತವನು ಕೈ ಅಡ್ಡ ಹಿಡಿದ.

"ಒಳಗೆ ಬರೂಕಿಲ್ಲ. ಪರ್ಸಿನ್ ಬೋಟಿಗೆ ಬಂದರು ಬಂದ್."

"ಪರ್ಸಿನ್ ಎಲ್ಲಿ ಕಂಡ್ರಿ ಮಾರಾಯ್ರೇ?" ಎಂದ ಅಪ್ಪ. "ಇದ್ರಲ್ಲಿ ಇರೂದು ಮಾಸ್ತರು, ಅವರ ಹೆಂಡ್ರು ಮಕ್ಳು."

"ಹಾಂಗಾರೆ ಆ ಬಲೆ ಎಂತಕೆ? ಮಾಸ್ತರನ್ನ ಹಿಡೂಕಾ?"

ದೋಣಿಗಳಲ್ಲಿ ನಗು ಎದ್ದಿತು. ನಮ್ಮಲ್ಲಿ ಯಾರೂ ನಗಲಿಲ್ಲ.

"ಮಕ್ಳು ಬೀಳಬಾರ್ದು ಅಂತ ಕಟ್ಟಿದ್ದು."

"ಬೀಳೂ ಮಕ್ಳನ್ನ ಸಮುದ್ರಕ್ಕೆ ಎಂತಕೆ ತಂದ್ರಿ? ಮನೆಗೆ ಕರ್ಕಂಡು ಹೋಗಿ."

ಇನ್ನೊಬ್ಬ ದೋಣಿ ನೂಕುವ ಜಲ್ಲೆಯನ್ನು ಮೇಲೆತ್ತಿ ತೋರಿಸಿದ. ಅಪ್ಪ ಲಾಂಚು ತಿರುಗಿಸಿದ.

ದೂರದಿಂದ ಬರುವ ಇಂಜಿನ್ ಬೋಟಿನ ಎರಡೂ ಬದಿಗೆ ಬಲೆ ತೂಗುತ್ತಿದ್ದರೆ ಅವರು ಇನ್ನೇನೆಂದು ತಿಳಿಯಬೇಕಿತ್ತು? ಅಪ್ಪನ ಹತ್ತಿರ ಹೋಗಿ, "ನನ್ನಿಂದ ಆದದ್ದು" ಎಂದೆ. ಅಪ್ಪ ಸಮುದ್ರದ ಕಡೆ ನೋಡುತ್ತಲೇ, "ಹೌದು. ಈಗ ಬಿಚ್ಚು" ಎಂದ.

ನೂರ ನಲವತ್ತು ಗಂಟುಗಳನ್ನು ಉಗುರಿನಿಂದ ಬಿಚ್ಚುವ ಹೊತ್ತಿರಲಿಲ್ಲ. ಸಂತೆಗುಳಿಯ ಅಜ್ಜಿ ಸಂಚಿಯಿಂದ ಅಡಕತ್ತರಿ ತೆಗೆದು ಕೊಟ್ಟರು. ಮಾಸ್ತರುಗಳು ಬಲೆಯನ್ನು ಬಿಗಿಯಾಗಿ ಹಿಡಿದರು, ನಾನು ಕತ್ತರಿಸಿದೆ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ಭಟ್ಕಳ ಆಗಲಿಲ್ಲ ಎಂದು ಬರೆಯಬೇಕಾಗುತ್ತದೆ."

"ಇಲ್ಲೇ ಪಕ್ಕದ ಜಾಲಿಯೂ ಭಟ್ಕಳ ತಾಲೂಕೇ ಅಲ್ವಾ ಸಾಹೇಬ್ರೇ?" ಎಂದ ಅಪ್ಪ.

ಅವರು ಕಡತ ತಿರುವಿದರು. "ತಾಲೂಕು ಎಂದಷ್ಟೇ ಇದೆ, ನಿಜ. ಆದರೆ ಜಾಲಿಯಲ್ಲಿ ಧಕ್ಕೆ ಎಲ್ಲಿದೆ? ಅಲೆಗೆ ಇಳಿಸುತ್ತೀರಾ ಇವರನ್ನು?"

"ರಂಪಣಿಯವರ ದೋಣಿ ಇರ್ತದೆ."

"ಅವರು ಕೊಡುತ್ತಾರೆಯೇ, ಇವತ್ತು?"

ಅಪ್ಪ ಲಾಂಚನ್ನು ಜಾಲಿಯ ಕಡೆಗೆ ಹೊರಳಿಸಿದ.

ಜಾಲಿಯ ದಡ ಹತ್ತಿರವಾಗುತ್ತಿದ್ದಂತೆ ಗುಡ್ಡದ ಮೇಲೊಬ್ಬ ಬಿಳಿ ಬಟ್ಟೆ ಬೀಸುವುದು ಕಂಡಿತು. ಮೀನಿನ ಹಿಂಡು ಬಂದಾಗ ನೀರಿನ ಬಣ್ಣ ನೋಡಿ ಗುರುತಿಸಿ, ಕೆಳಗಿನ ದೋಣಿಗೆ ದಿಕ್ಕು ತೋರಿಸುವವನು ಅವನು. ಅಪ್ಪ ಮರುಕ್ಷಣವೇ ಇಂಜಿನ್ ನಿಲ್ಲಿಸಿ ಲಂಗರನ್ನು ಸದ್ದಾಗದಂತೆ ಕೈಯಿಂದ ಇಳಿಬಿಟ್ಟ. ಹನ್ನೊಂದು ಮೂವತ್ತೈದು.

"ಯಾಕೆ ನಿಲ್ಲಿಸಿದಿರಿ?" ಅಧಿಕಾರಿ ಕೇಳಿದರು.

"ಬಂಗಡೆ ಬಂದಿದೆ. ಇಂಜಿನ್ ಸದ್ದಿಗೆ ತಿರುಗಿ ಹೋಗ್ತದೆ."

"ನಿಮ್ಮ ಸಮಯ ಹೋಗುತ್ತಿದೆಯಲ್ಲ."

"ಹೋಗ್ಲಿ ಸಾಹೇಬ್ರೇ. ಅವರಿಗೆ ಇವತ್ತು ತಪ್ಪಿದ್ರೆ ಈ ವರ್ಷವೇ ತಪ್ಪಿದ ಹಾಗೆ."

ಮಕ್ಕಳು ಕೂಡ ಸುಮ್ಮನೆ ಕೂತವು. ರಂಪಣಿಯ ಉದ್ದನೆಯ ದೋಣಿ ಬಲೆ ಬಿಡುತ್ತ ನಮ್ಮೆದುರಿಗೇ ಅರ್ಧಚಂದ್ರದ ಆಕಾರದಲ್ಲಿ ಸುತ್ತಿ ದಡ ಸೇರಿತು. ಅದರಲ್ಲಿದ್ದವರು ನಮ್ಮನ್ನು ನೋಡಿದರು, ಕೂಗಲಿಲ್ಲ. ಅರವತ್ತೈದು ನಿಮಿಷ ಕಾದೆವು. ಆಮೇಲೆ ಅದೇ ದೋಣಿ ನಮ್ಮ ಕಡೆಗೆ ಬಂತು. ಮುಂದೆ ನಿಂತಿದ್ದವರು ಬಲೆಯ ಮುಖಂಡರಾದ ತಾಂಡೇಲರು. ಎದೆಯ ಕೂದಲೆಲ್ಲ ಬಿಳಿಯಾಗಿದ್ದ ಮುದುಕರು.

"ಇಂಜಿನ್ ನಿಲ್ಸಿದ್ದು ಯಾರು?"

"ನಾನೇ," ಎಂದ ಅಪ್ಪ. "ಮಾಸ್ತರು, ಅವರ ಮನೆಯವ್ರನ್ನ ತಿರುಗಾಡ್ಸೂಕೆ ಬಂದದ್ದು."

ಅವರು ಲಾಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. "ನಮ್ಮ ಅರ್ಧ ಜನ ಬಂದರಲ್ಲಿ ದೋಣಿ ಕಟ್ಕಂಡು ಕುಂತಿದಾರೆ. ಬಲೆ ತುಂಬಾ ಮೀನಿದೆ, ಹಗ್ಗಕ್ಕೆ ಕೈ ಸಾಲೂದಿಲ್ಲ. ನಿಮ್ಮ ಮಾಸ್ತರಮಂದಿ ಎಳೀತಾರಾ, ಬರೀ ಪಾಠ ಹೇಳ್ತಾರಾ?"

"ಇಳಿಸಿ ನೋಡಿ," ಎಂದರು ಹಿಂದಿನಿಂದ ಗಣಿತದ ಮಾಸ್ತರೊಬ್ಬರು, ಅಂಗಿಯ ತೋಳು ಮಡಚುತ್ತ.

ದೋಣಿ ಎರಡು ಸಲ ಬಂದು ಹೋಯಿತು. ಮೊದಲ ಸಲ ಇಪ್ಪತ್ತು, ಎರಡನೆಯ ಸಲ ಹದಿನೆಂಟು. ದಡದಲ್ಲಿ ನಿಂತು ಎಣಿಸಿದೆ, ಮೂವತ್ತೆಂಟು. ಎಲ್ಲರೂ ಹಗ್ಗ ಹಿಡಿದೆವು. ಎಡ ಹಗ್ಗಕ್ಕೆ ಹೊನ್ನಾವರ, ಬಲ ಹಗ್ಗಕ್ಕೆ ಕುಮಟಾ ಎಂದು ಯಾರೋ ಹಂಚಿದರು. ಜಾಲಿಯ ಹೆಂಗಸರು ಕುಮಟಾದವರ ಕಾಲು ಮರಳಿನಲ್ಲಿ ಜಾರುವುದನ್ನು ನೋಡಿ, "ಹಿಂದೆ ಹಿಂದೆ ನಡೀರೋ, ಹಗ್ಗಕ್ಕೆ ಜೋತು ಬೀಳೂದಲ್ಲ" ಎಂದು ಕಲಿಸಿದರು. ಅಧಿಕಾರಿ ಹತ್ತು ನಿಮಿಷ ಕಡತ ಹಿಡಿದುಕೊಂಡು ನೋಡುತ್ತಿದ್ದರು. ಆಮೇಲೆ ಕಡತ ಒಂದು ಬುಟ್ಟಿಯಲ್ಲಿಟ್ಟರು, ಚಪ್ಪಲಿ ಅದರ ಪಕ್ಕಕ್ಕಿಟ್ಟರು, ನನ್ನ ಹಿಂದೆ ಬಂದು ಹಗ್ಗ ಹಿಡಿದರು.

ಒಂದು ಗಂಟೆ ಐವತ್ತಕ್ಕೆ ಬಲೆಯ ಹೊಟ್ಟೆ ಮರಳಿಗೆ ಬಂತು. ಅಷ್ಟು ಬಂಗಡೆಯನ್ನು ಒಟ್ಟಿಗೆ ನಾನು ಹೊನ್ನಾವರದಲ್ಲೂ ನೋಡಿರಲಿಲ್ಲ. ದಡವೇ ಹೊರಳಾಡುತ್ತಿತ್ತು. ಬುಟ್ಟಿ ಎಣಿಸಲು ಹೋಗಿ ಅರವತ್ತಕ್ಕೆ ಬಿಟ್ಟೆ, ಅಂಗೈ ಉರಿಯಿಂದ ಪೆನ್ಸಿಲ್ ಹಿಡಿಯಲಾಗಲಿಲ್ಲ.

ಹೊರಡುವ ಮುಂಚೆ ತಲೆ ಎಣಿಸಿದರೆ ಮೂವತ್ತೇಳು. ಮತ್ತೆ ಎಣಿಸಿದೆ, ಅಷ್ಟೇ. ಅಜ್ಜಿ ಇರಲಿಲ್ಲ. ಹುಡುಕಿದರೆ ಅವರು ಮೀನು ಪಾಲು ಮಾಡುವ ಹೆಂಗಸರ ನಡುವೆ ಕಾಲು ಚಾಚಿ ಕೂತಿದ್ದರು.

"ಅಜ್ಜಿ, ಹೊತ್ತಾತು, ಬನ್ನಿ."

"ಪಾಲು ಹಂಚಿದ್ದಿಲ್ಲೆ ಇನ್ನೂ. ಆನೂ ಎಳದ್ದಿ ಅಲ್ದಾ?"

"ನೀವು ಮೀನು ತಿನ್ನೂದಿಲ್ಲಲ್ಲ."

"ತಿಂಬುದು ಬಿಡದು ಬೇರೆ ಮಾತು. ಎಳದವ್ಕೆ ಪಾಲು ಇದ್ದು ಹೇಳಿ ಇವ್ರೇ ಹೇಳಿದ್ದು."

ಅದು ಅವರ ರೂಢಿ. ರಂಪಣಿಯ ಹಗ್ಗಕ್ಕೆ ಕೈ ಹಚ್ಚಿದವರು ಯಾರೇ ಇರಲಿ, ಪಾಲು ಪಡೆಯದೆ ಹೋಗುವ ಹಾಗಿಲ್ಲ. ತಾಂಡೇಲರು ನಮ್ಮ ಗಡಿಬಿಡಿ ನೋಡಿ ಮೊದಲು ನಮ್ಮದನ್ನೇ ಹಂಚಿದರು. ತಲೆಗೆ ಎಂಟು ಬಂಗಡೆ. ಅಜ್ಜಿ ತಮ್ಮ ಎಂಟನ್ನು ಎಣಿಸಿಕೊಂಡು, ಪಕ್ಕದಲ್ಲಿದ್ದ ಬಾಣಂತಿಯ ಬುಟ್ಟಿಗೆ ಹಾಕಿಸಿ ಎದ್ದರು.

ಅಧಿಕಾರಿ ಕೈ ಹಿಂದೆ ಕಟ್ಟಿ ನಿಂತರು. "ನನಗೆ ಬೇಡ. ನಾನು ಕೆಲಸದ ಮೇಲೆ ಬಂದವನು. ಯಾರಿಂದಲೂ ಏನೂ ತೆಗೆದುಕೊಳ್ಳುವ ಹಾಗಿಲ್ಲ."

"ನಾ ಎಂತ ಕೊಟ್ಟೆ ನಿಮಗೆ?" ಎಂದರು ತಾಂಡೇಲರು. "ಇದು ನಿಮ್ಮ ಕೈಯ ಪಾಲು. ಬಿಟ್ಟು ಹೋದ್ರೆ ನಾನು ನಿಮ್ಮ ಋಣದಲ್ಲಿ ಬೀಳ್ತೆ. ಅದು ನನಗೆ ಬ್ಯಾಡ."

ಅಧಿಕಾರಿ ನನ್ನ ಕಡೆ ತಿರುಗಿ, "ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಅಧಿಕಾರಿ, ಹಗ್ಗ ಎಳೆದದ್ದಕ್ಕೆ, ಎಂಟು ಬಂಗಡೆ" ಎಂದರು. ಬರೆದೆ. ಅವರು ಅದರ ಕೆಳಗೆ ಸಹಿ ಹಾಕಿ ಮೀನಿನ ಪೊಟ್ಟಣ ತೆಗೆದುಕೊಂಡರು.

ಎರಡು ಐವತ್ತಕ್ಕೆ ಲಂಗರು ಎತ್ತಿದೆವು, ಮೂವತ್ತೆಂಟು ಮಂದಿ. ಎದುರುಗಾಳಿ ಎದ್ದಿತ್ತು. ಮುರುಡೇಶ್ವರ ದಾಟುವಾಗ ಗಡಿಯಾರ ನೋಡಿ ಲೆಕ್ಕ ಹಾಕಿದರೆ ಆರು ಗಂಟೆಗಿಂತ ಹನ್ನೊಂದು ನಿಮಿಷ ತಡವಾಗುತ್ತಿತ್ತು. ಅಪ್ಪನಿಗೆ ಹೇಳಿದೆ. ಅಪ್ಪ ಲಾಂಚನ್ನು ದಡದ ಸಮೀಪಕ್ಕೆ ತಂದು ಗುಡ್ಡಗಳ ಮರೆಯಲ್ಲಿ ಓಡಿಸಿದ. ಬಂಡೆಗಳೆಲ್ಲಿವೆ ಎಂದು ಅವನಿಗೆ ನೋಡದೆಯೂ ಗೊತ್ತು. ಶರಾವತಿಯ ಅಳಿವೆ ಹೊಕ್ಕಾಗ ಮಾಸ್ತರುಗಳೆಲ್ಲ ಎದ್ದು ನಿಂತಿದ್ದರು, ಕೂರಿ ಎಂದರೂ ಕೂರಲಿಲ್ಲ. ಧಕ್ಕೆಗೆ ಹಗ್ಗ ಬಿದ್ದಾಗ ಐದು ಐವತ್ತೆರಡು.

ಅಧಿಕಾರಿ ಎಲ್ಲರೂ ಇಳಿಯುವವರೆಗೆ ಕಾದು ಎಣಿಸಿದರು. ಕಡತದಲ್ಲಿ ಬೆಳಿಗ್ಗೆ ತಾವೇ ಬರೆದಿಟ್ಟಿದ್ದ "ಭಟ್ಕಳ ಬಂದರು" ಎಂಬುದನ್ನು ಹೊಡೆದು "ಜಾಲಿ ತೀರ, ದೋಣಿಯ ಮೂಲಕ, ಎಲ್ಲರೂ ಸುರಕ್ಷಿತ" ಎಂದು ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದನ್ನು ನಾನು ಪರವಾನಗಿ ಕೈಗೆ ಬಂದ ಮೇಲೆಯೇ ಓದಿದ್ದು. ಮೀನುಗಾರಿಕೆಗೆ ತೊಂದರೆಯಾಗದಂತೆ ಇಂಜಿನ್ ನಿಲ್ಲಿಸುವ ತಿಳುವಳಿಕೆ ಚಾಲಕನಿಗಿದೆ ಎಂದು ಬರೆದಿದ್ದರು.

ಪರವಾನಗಿ ಮಂಗಳವಾರ ಮಧ್ಯಾಹ್ನ ಬಂತು. ಅಪ್ಪ ಅಂಚೆಯವನನ್ನು ಕೂರಿಸಿ ಊಟ ಹಾಕಿಸಿದ. ಮರುದಿನ ಹತ್ತು ಗಂಟೆಗೆ ಮಲ್ಪೆಯವರು ಹಲಗೆ ಕೀಳಲು ಇಬ್ಬರು ಬಡಗಿಗಳನ್ನೂ ಕರೆದುಕೊಂಡೇ ಬಂದಿಳಿದರು. ಅಪ್ಪ ಕಾಗದ ಅವರ ಕೈಗೆ ಕೊಟ್ಟ. ಅವರು ಓದಿ ಮಡಚಿ ವಾಪಸು ಕೊಟ್ಟು, "ಜನ ಬರ್ತಾರಾ?" ಎಂದು ಕೇಳಿದರು.

"ಬರೂ ಭಾನುವಾರಕ್ಕೆ ಇಪ್ಪತ್ತೊಂಬತ್ತು ಹೆಸರು ಬಂದಿದೆ," ಎಂದೆ.

"ಬಡಗಿಗಳು ಬಂದದ್ದು ಒಳ್ಳೇದೇ ಆತು," ಎಂದ ಅಪ್ಪ. "ಹಿಂದಿನ ಬದಿಗೆ ಇನ್ನೆರಡು ಹಲಗೆ ಹೊಡೀಬೇಕು ಅಂತಿದ್ದೆ."

ಆ ದಿನ ಸಂಜೆಯೊಳಗೆ ಎರಡೂ ಹಲಗೆ ಕೂತವು.