ಪಾದದಕ್ಕನ ಬುಧವಾರಗಳು

ಮಕ್ಕಳ ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಎಕ್ಸ್‌ರೇ ಕೋಣೆ ದಾಟಿದರೆ ಸಿಗುವ ಕೊನೆಯ ಬಾಗಿಲು ಆಕೆಯದು. ಹುದ್ದೆಯಲ್ಲಿ ಫಿಸಿಯೋಥೆರಪಿಸ್ಟ್. ಆದರೆ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರ ಬಾಯಲ್ಲೂ ಪಾದದಕ್ಕ. ಮಕ್ಕಳ ಮುಖ ಮರೆಯುತ್ತಿದ್ದಳು, ಪಾದ ಮರೆಯುತ್ತಿರಲಿಲ್ಲ. ದಾರಿಯಲ್ಲಿ ಯಾವುದಾದರೂ ಮಗು ಕೂಗಿದರೆ ಮೊದಲು ಚಪ್ಪಲಿಯ ಕಡೆ ನೋಡಿ, ಆಮೇಲೆ "ಓ, ನೀನಾ!" ಎನ್ನುತ್ತಿದ್ದಳು. "ನಾನು ಹೆಣ್ಣು ನೋಡೋಕೆ ಹೋದಾಗ ಬೂಟು ಬಿಚ್ಚಿದ್ದಕ್ಕೇ ಒಪ್ಪಿದ್ದು ಇವಳು" ಎಂದು ಗಂಡ ರೇಗಿಸುತ್ತಿದ್ದ.

ಬರುವವರದು ಹೆಚ್ಚುಕಡಿಮೆ ಒಂದೇ ದೂರು: ಮಗುವಿನ ಪಾದ ಚಪ್ಪಟೆ, ನಡುವೆ ಹಳ್ಳವೇ ಇಲ್ಲ. ಪಾದದಕ್ಕ ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ, ತಾನು ಹಿಂದೆ ನೆಲದ ಮೇಲೆ ಕೂರುತ್ತಿದ್ದಳು. ಹಿಮ್ಮಡಿ ಎಷ್ಟು ವಾಲಿದೆ, ಹಿಂದಿನಿಂದ ಎಷ್ಟು ಬೆರಳು ಕಾಣುತ್ತವೆ ಎಂದು ನೋಡಿ ಒಂದೊಂದಕ್ಕೂ ಅಂಕ ಬರೆಯುತ್ತಿದ್ದಳು. ಕೊನೆಗೆ ತುದಿಗಾಲಲ್ಲಿ ನಿಲ್ಲಿಸಿದರೆ ಹೆಚ್ಚಿನ ಮಕ್ಕಳ ಪಾದದಡಿ ಹಳ್ಳ ತಾನಾಗಿ ಮೂಡುತ್ತಿತ್ತು; ಮೂಡದಿದ್ದರೆ ಮಾತ್ರ ಡಾಕ್ಟರ ಬಳಿ ಕಳಿಸುವುದು.

"ಸ್ವಲ್ಪ ಒಳಕ್ಕೆ ವಾಲೋದೇ ಈ ವಯಸ್ಸಿಗೆ ಸರಿ. ದೊಡ್ಡೋರ ಅಳತೆ ತಂದು ಮಕ್ಕಳಿಗೆ ಹಿಡೀಬಾರದು" ಎಂದು ಹೇಳಿ ಕಳಿಸುತ್ತಿದ್ದಳು.

ಒಂದು ಸೋಮವಾರ ಸಾಲು ಮೆಟ್ಟಿಲಿನವರೆಗೆ ಬೆಳೆದಿತ್ತು. ಅಜ್ಜಿಯೊಬ್ಬರು ಒಂಬತ್ತು ವರ್ಷದ ಮೊಮ್ಮಗಳನ್ನು ಕರೆತಂದಿದ್ದರು. ಚಪ್ಪಟೆ ಪಾದ, ಅಂತಹ ನೋವೇನಿಲ್ಲ. ಪಾದದಕ್ಕ ಹಿಂದಿನಿಂದ ಒಮ್ಮೆ ಕಣ್ಣು ಹಾಯಿಸಿ, "ಏನೂ ಇಲ್ಲ ಅಜ್ಜಿ, ಧೈರ್ಯವಾಗಿ ಹೋಗಿ" ಎಂದಳು.

ನಾಲ್ಕು ತಿಂಗಳ ಮೇಲೆ ಇಬ್ಬರೂ ಮತ್ತೆ ಬಂದರು. ಹುಡುಗಿ ಕುಂಟುತ್ತಿದ್ದಳು. ಆಟದ ಪೀರಿಯಡ್‌ನಲ್ಲಿ ಗೋಡೆಗೊರಗಿ ಕೂತುಬಿಡುತ್ತಾಳಂತೆ. ತುದಿಗಾಲಲ್ಲಿ ನಿಲ್ಲಿಸಿದಾಗ ಎಡಪಾದದಲ್ಲಿ ಹಳ್ಳ ಮೂಡಿತು. ಬಲಪಾದ ಹಲಗೆಯ ಹಾಗೆ ಬಿಗಿದುಕೊಂಡೇ ಇತ್ತು. ಪಾದದಕ್ಕ ಕೂಡಲೇ ಎಕ್ಸ್‌ರೇಗೆ ಕಳಿಸಿದಳು. ಬಲಪಾದದೊಳಗೆ ಎರಡು ಮೂಳೆ ಕೂಡಿಕೊಂಡು ಬೆಳೆದಿವೆ ಎಂದರು ಡಾಕ್ಟರು, ಚಿತ್ರಗಳನ್ನು ನೋಡಿ.

"ತಪ್ಪು ನಂದು ಅಜ್ಜಿ" ಎಂದಳು ಪಾದದಕ್ಕ. "ಅವತ್ತೇ ತುದಿಗಾಲಲ್ಲಿ ನಿಲ್ಲಿಸಿ ನೋಡಬೇಕಿತ್ತು. ಸಾಲು ಉದ್ದ ಇದೆ ಅಂತ ಬಿಟ್ಟುಬಿಟ್ಟೆ."

ಅಜ್ಜಿ ಮೊಮ್ಮಗಳ ಬಲಗಾಲನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ, "ಇವಳು ನೋವು ಅಂತ ಅತ್ತಾಗೆಲ್ಲ ನಾನೇ ಗದರಿದೆ ಕಣಮ್ಮ. ಪಾದದಕ್ಕನೇ ಹೇಳಿದಾರೆ, ನಾಟಕ ಆಡಬೇಡ ಅಂದೆ" ಎಂದರು.

ಆರು ವಾರ ಪ್ಲಾಸ್ಟರ್ ಹಾಕಿದರು. ಬಿಚ್ಚಿದ ಮೇಲೆ ಪಾದ ಚಪ್ಪಟೆಯಾಗಿಯೇ ಉಳಿಯಿತು, ನೋವು ಹೋಯಿತು. ಹುಡುಗಿ ಮೆಟ್ಟಿಲಿಳಿಯುವಾಗ ಅಜ್ಜಿ ಹಿಂದೆ ತಿರುಗಿ, "ಬರ್ತೀವಮ್ಮ" ಎಂದಷ್ಟೇ ಹೇಳಿದರು.

ಆದರೂ ಪಾದದಕ್ಕನ ಮನಸ್ಸು ನೆಟ್ಟಗಾಗಲಿಲ್ಲ. ದಿನಕ್ಕೆ ಇಪ್ಪತ್ತು ಸಲ 'ಸರಿ ಇದೆ' ಎನ್ನುವ ತನಗೆ, ಸರಿ ಎಂದರೆ ಎಷ್ಟು ಎನ್ನುವುದು ಬರೀ ಅಂದಾಜು. ಕಾಯಿಲೆಯ ಮಾತೆತ್ತಿ ಬಂದವರನ್ನು ಬಿಟ್ಟು, ಸುಮ್ಮನೆ ಆಡಿಕೊಂಡಿರುವ ಮಕ್ಕಳ ಪಾದ ತಾನು ನೋಡಿದ್ದೇ ಇಲ್ಲವಲ್ಲ! ಅಲ್ಲಿನ ಮಕ್ಕಳ ಪಾದ ಅಳೆಯಲು ಬಿಡಿ ಎಂದು ಹತ್ತಿರದ ಶಾಲೆಯ ಹೆಡ್‌ಮೇಷ್ಟ್ರನ್ನು ಕೇಳಿಕೊಂಡಳು. ಅವರು, "ಸಾಕ್ಸಿನ ವಾಸನೆ ತಡಕೊಳ್ಳೋ ಶಕ್ತಿ ಇದ್ದರೆ ಬನ್ನಿ ತಾಯಿ" ಎಂದರು.

ಮೂರು ವರ್ಷ, ಬುಧವಾರ ಮಧ್ಯಾಹ್ನಗಳು, ಚಿತ್ರಕಲೆ ಕೋಣೆಯ ಒಂದು ಮೂಲೆ. ಕಚಗುಳಿಯಾಗಿ ಕಾಲೆಳೆದುಕೊಳ್ಳುವವರು, ಉಗುರಿಗೆ ಸ್ಕೆಚ್‌ಪೆನ್ ಬಣ್ಣ ಬಳಿದವರು, ಬೇಕೆಂದೇ ವಕ್ರವಾಗಿ ನಿಲ್ಲುವ ತುಂಟರು. ಅದೇ ಮಕ್ಕಳನ್ನು ವರ್ಷ ವರ್ಷ ಅಳೆದಳು. ಪುಟ್ಟವರಲ್ಲಿ ಮುಕ್ಕಾಲು ಪಾಲು ಪಾದ ಒಳಕ್ಕೆ ವಾಲಿತ್ತು. ಬೆಳೆಯುತ್ತ ಬೆಳೆಯುತ್ತ ಹಲವರದು ಕಡಿಮೆಯಾಯಿತು, ಕೆಲವರದು ಹಾಗೇ ಇತ್ತು. ಹಾಗೇ ಇದ್ದವರೂ ಅಂಗಳದಲ್ಲಿ ಧೂಳೆಬ್ಬಿಸಿ ಓಡುತ್ತಿದ್ದರು.

ಅದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು, ನೋವು, ಬಿಗಿತ, ಒಂದು ಕಾಲಿಗೂ ಇನ್ನೊಂದಕ್ಕೂ ವ್ಯತ್ಯಾಸ ಇದ್ದರೆ ಮಾತ್ರ ತಡಮಾಡಬೇಡಿ ಎಂದು ಕೊನೆಗೆ ಸೇರಿಸಿ, ಬಾಗಿಲಿಗೆ ಅಂಟಿಸಿದಳು. ಮೊದಲ ದಿನವೇ ಒಬ್ಬ ತಂದೆ ಅದನ್ನು ಮೊದಲಿಂದ ಕೊನೆವರೆಗೆ ಓದಿ, ಮಗನ ಕೈ ಹಿಡಿದು ಒಳಗೆ ಬಂದ.

"ಎಲ್ಲಾ ಅರ್ಥ ಆಯ್ತು ಮೇಡಂ. ಆದ್ರೂ ಒಂದ್ಸಲ ನೋಡಿಬಿಡಿ."

ಪಾದದಕ್ಕ ನಕ್ಕು ನೆಲದ ಮೇಲೆ ಕೂತಳು. "ಬಾ ಮರಿ, ಸಾಕ್ಸ್ ತೆಗಿ."