ಮಾಲೆ ಹಾಕಿದ ಊರುಗಳು

ಮಾರ್ಗಶಿರದ ಮಂಜಿನಲ್ಲಿ ಶ್ರೀನಿವಾಸಪುರದ ಕಡೆಯ ಊರುಗಳು ನನಗೆ ಯಾವಾಗಲೂ ಕನಸಿನಲ್ಲಿ ಕಂಡ ಊರುಗಳೇ. ಬಸ್ಸಿನ ಕಿಟಕಿಯಾಚೆ ಮಾವಿನ ತೋಪು ಅರ್ಧ ಕರಗಿರುತ್ತದೆ. ಕಪ್ಪು ಪಂಚೆ ಉಟ್ಟು, ಅಯ್ಯಪ್ಪನ ಮಾಲೆ ಹಾಕಿದ ಗಂಡಸರು ತಣ್ಣೀರಲ್ಲಿ ಮಿಂದು ಬರಿಗಾಲಲ್ಲಿ ಸದ್ದಿಲ್ಲದೆ ಹೋಗುತ್ತಿರುತ್ತಾರೆ. ಮಾಲೆ ಇರುವಷ್ಟು ದಿನ ಒಬ್ಬರೂ ಕುಡಿಯುವುದಿಲ್ಲ. ಹೆಂಡತಿಯರೂ ಅವರನ್ನು ಸಾಮಿ ಎಂದೇ ಕರೆಯುತ್ತಾರೆ.

ನಮ್ಮ ಘನ ಆರೋಗ್ಯ ಇಲಾಖೆ ಅಲ್ಲಿ ಕುಡಿಯುವವರನ್ನು ಎಣಿಸಲು ಆರಿಸಿಕೊಂಡದ್ದು ಇದೇ ತಿಂಗಳನ್ನು. ನಾನು ಕೋಲಾರದಲ್ಲಿ ಕುಡಿತ ಬಿಡಿಸುವ ಆಪ್ತಸಮಾಲೋಚಕಿ. ನನ್ನನ್ನು ಒಂದು ಮಾತು ಕೇಳಿದ್ದರೆ ಬಾಯಿ ಬಿಟ್ಟು ಹೇಳುತ್ತಿದ್ದೆ. ಯಾರು ಕೇಳುತ್ತಾರೆ? ಶ್ರೀನಿವಾಸಪುರದಲ್ಲಿ ಕುಡುಕರೇ ಇಲ್ಲವೆಂದಾಯಿತು. ಮಾಲೂರಿಗೆ ಎಣಿಸುವವರು ಬೇಸಿಗೆಯಲ್ಲಿ, ಯಾರ ಕೊರಳಲ್ಲೂ ಮಾಲೆ ಇಲ್ಲದಾಗ ಹೋಗಿದ್ದರಂತೆ. ಚಿಕಿತ್ಸೆಯ ಅನುದಾನ, ಹಾಸಿಗೆಗಳು ಎಲ್ಲ ಅಲ್ಲಿಗೇ ಹೋದವು.

ಸಂಕ್ರಾಂತಿ ಕಳೆದ ಮೇಲೆ ಶ್ರೀನಿವಾಸಪುರದ ಕಡೆಯ ಗೌನಿಪಲ್ಲಿಯಿಂದ ಹೆಂಗಸೊಬ್ಬರು ನನ್ನ ಬಳಿ ಬಂದರು. ಅವರ ಗಂಡ ಮಾಲೆ ತೆಗೆದ ಮಾರನೆಯ ದಿನವೇ ಶುರುಮಾಡಿಕೊಂಡು, ಈಗ ರಕ್ತ ಕಾರಿಕೊಂಡಿದ್ದರು.

“ಎಣಿಸೋಕೆ ಬಂದಾಗ ಯಾಕೆ ಹೇಳಲಿಲ್ಲಮ್ಮ?” ಎಂದೆ.

“ಮಾಲೆ ಹಾಕಿರೋ ಸಾಮಿನ ಕುಡುಕ ಅಂತ ಹೆಂಗೆ ಹೇಳೋದು ಮೇಡಂ? ಪಾಪ ತಟ್ಟಲ್ವಾ?”

ನನಗೆ ನಗುವೂ ಬಂತು, ಸಿಟ್ಟೂ ಬಂತು. ಮಾಲೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಆಕೆ ಗಂಡನನ್ನು ಕರೆದುಕೊಂಡು ಹೊರಟಾಗಲೆಲ್ಲ, ಕೋಲಾರದಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಅವರು ಬಾರಿಗೆ ನುಗ್ಗಿಬಿಡುತ್ತಿದ್ದರು. ಹೀಗೇ ಕುಡಿದರೆ ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಆಕೆಯ ಎದುರೇ ಹೇಳಿದರು.

ಮತ್ತೆ ಮಾರ್ಗಶಿರ ಬಂತು. ಅನುದಾನ ಹಂಚುವ ಸಭೆಗೆ ಹಟ ಹಿಡಿದು ಆಕೆಯನ್ನೂ ಕರೆದುಕೊಂಡು ಹೋದೆ. ಗಂಡನೂ ಮಾಲೆ ಹಾಕಿಕೊಂಡು ಬಂದು ಬಾಗಿಲ ಬಳಿ ನಿಂತರು. ಕಿಟಕಿಯ ಎಳೆಬಿಸಿಲಿನಲ್ಲಿ ಎಲ್ಲರ ಮಾತೂ ಎಲ್ಲೋ ದೂರದಿಂದ ಕೇಳಿಸುತ್ತಿತ್ತು.

“ನಿಮ್ಮನೇಲಿ ಕುಡಿಯೋರಿದ್ದಾರೇನಮ್ಮ?” ಎಂದು ಅಧಿಕಾರಿ ಕೇಳಿದರು.

ಆಕೆ ಗಂಡನ ಕಡೆ ತಿರುಗಿ ಕೈಮುಗಿದು, “ತಪ್ಪಾಯ್ತು ಸಾಮಿ,” ಎಂದರು. ಆಮೇಲೆ ಅಧಿಕಾರಿಗೆ, “ಕುಡೀತಾರೆ ಸಾರ್. ನಮ್ಮ ಬೀದೀಲಿ ಇವರೊಬ್ಬರೇ ಅಲ್ಲ,” ಎಂದರು.

ಗಂಡ ಮೆಲ್ಲಗೆ ಒಳಗೆ ಬಂದರು. ಒಂದು ಕೈ ಮಾಲೆಯನ್ನು ಹಿಡಿದುಕೊಂಡಿತ್ತು.

“ಹೇಳಿದ್ದು ನಿಜ ಸಾರ್. ಇದನ್ನ ತೆಗೆಯೋ ದಿನ ನಾನು ಎಲ್ಲಿಗೆ ಬರ್ಬೇಕು, ಹೇಳಿ.”

ಅಧಿಕಾರಿ ಮಾಲೂರು ಎನ್ನಹೋಗಿ ತಡೆದು, ಅನುದಾನದ ಪಟ್ಟಿಯನ್ನು ಮುಂದಕ್ಕೆಳೆದುಕೊಂಡು ಪೆನ್ನು ತೆಗೆದರು.