ಕೆಂಪು ಗೆರೆ ಬಿದ್ದ ಕಾಗದ

"ಡಿಲೀಟ್ ಮಾಡಿದ್ರೂ ಫೈಲ್ ಅಲ್ಲೇ ಇರ್ತದ ಅಜ್ಜಿ. ಪಟ್ಟಿಯಿಂದ ಹೆಸರಷ್ಟೇ ಹೋಗ್ತದ, ಆ ಜಾಗಕ್ಕ ಇನ್ನೊಂದು ಬರೋತನಕ" ಎಂದು ಕಂಪ್ಯೂಟರ್ ಕಲಿಸುವ ಹುಡುಗಿ ಹೇಳಿದಾಗ, ಈ ಪಾಠಕ್ಕೆ ಫೀಸು ಕೊಡಬಾರದಿತ್ತು ಎನಿಸಿತು. ಹೈದರಾಬಾದಿನ ಪೊಲೀಸ್ ಆ್ಯಕ್ಷನ್ ಆಗಿ ಒಂದೆರಡು ವರ್ಷಕ್ಕೇ ನಾನಿದನ್ನು ಕಲಿತಿದ್ದೆ.

ಉಮರ್ಗಾ ಕಡೆಯ ಒಂದು ಕಂದಾಯ ಕಚೇರಿ. ನಿಜಾಮನ ಕಾಲದ ಕಾಗದಪತ್ರಗಳ ಉರ್ದು ಪಟ್ಟಿಯನ್ನು ಇಂಗ್ಲಿಷಿಗೆ ಇಳಿಸಲು ಕಾನ್ವೆಂಟಿನಲ್ಲಿ ಓದಿದ ನನ್ನನ್ನು ಕರೆದಿದ್ದರು. ನನಗೆ ಉರ್ದು ಬಾರದು; ಅಲ್ಲಿದ್ದ ಮುದುಕ ಗುಮಾಸ್ತರಿಗೆ ಇಂಗ್ಲಿಷ್ ಬಾರದು. ಪರ್ಫೆಕ್ಟ್ ಟೀಮ್. ಅವರು ಓದುವುದು, ನಾನು ಬರೆಯುವುದು. ಕಾಗದಗಳೆಲ್ಲ ಬಸ್ತಾ ಎಂಬ ಬಟ್ಟೆಯ ಗಂಟುಗಳಲ್ಲಿದ್ದವು. ಯಾವುದು ಯಾವ ಗಂಟಿನಲ್ಲಿದೆ ಎಂಬುದು ಪಟ್ಟಿಗೆ ಮಾತ್ರ ಗೊತ್ತು. ಹಳೆಯವನ್ನು ನಾಶ ಮಾಡಿ ಎಂದು ಆರ್ಡರ್ ಬಂತು. ನಾನು ಸ್ಕೇಲ್ ಇಟ್ಟು ಪಟ್ಟಿಯಲ್ಲಿ ಕೆಂಪು ಗೆರೆ ಎಳೆದು 'ಡಿಸ್ಟ್ರಾಯ್ಡ್' ಎಂದು ನೀಟಾಗಿ ಬರೆದೆ. ಗಂಟುಗಳನ್ನು ಯಾರೂ ಮುಟ್ಟಲಿಲ್ಲ. ಹೊಸ ಕಾಗದಕ್ಕೆ ಜಾಗ ಬೇಕಾದಾಗಷ್ಟೇ ಒಂದೊಂದು ಗಂಟು ಚಹಾದ ಒಲೆಗೆ ಹೋಗುತ್ತಿತ್ತು.

ಒಂದು ದಿನ ಗುಂಜೋಟಿಯಿಂದ ಗಂಡ ಸತ್ತ ಹೆಂಗಸೊಬ್ಬಳು ಬಂದಳು. ಬಾವಿಯ ಕಡೆಯ ಹೊಲ ತನ್ನದೆಂದು ಮೈದುನ ತಕರಾರು ತೆಗೆದಿದ್ದ. ಮಾವ ಬದುಕಿದ್ದಾಗ ಆದ ಹಿಸ್ಸೆಯ ಕಾಗದ ಸಿಕ್ಕರೆ ಹೊಲ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಪಟ್ಟಿ ನೋಡಿದೆ. ಅಕ್ಷರವೂ ನನ್ನದೇ, ಗೆರೆಯೂ ನನ್ನದೇ.

"ಅದು ನಾಶ ಆಗ್ಯದ ಯವ್ವಾ."

"ಯಾರ್ ಸುಟ್ರೀ?"

"ಸುಟ್ಟಿಲ್ಲ."

"ಹರದ್ರೇನು?"

"ಹರದಿಲ್ಲ."

"ಮತ್ತ ಹ್ಯಾಂಗ ನಾಶ ಆಯ್ತ್ರೀ ಅಕ್ಕಾರ? ನನ್ನ ಗಂಡ ಸತ್ತಾಗ ಮಣ್ಣಾದ್ರೂ ಕೊಟ್ಟೇವ್ರಿ."

ಗುಮಾಸ್ತರು ಗಡ್ಡದೊಳಗೇ ನಕ್ಕರು. "ಬೇಟಿ, ನೀ ಎಳದ ಗೆರಿ ಆ ಕಾಗದಕ್ಕ ಗೊತ್ತೇ ಇಲ್ಲ. ಏಳು, ಹುಡುಕು."

ಗಂಟಿನ ನಂಬರು ನನ್ನ ಕೆಂಪು ಮಸಿಯಡಿ ಮುಚ್ಚಿಹೋಗಿತ್ತು; ನಂಬರ್ ಹೋದ ಮೇಲೆ ಎಲ್ಲ ಗಂಟೂ ಒಂದೇ. ಮೂರು ದಿನ ಬಿಚ್ಚಿದೆವು, ಕಟ್ಟಿದೆವು. ಆಕೆ ಬಾಗಿಲಲ್ಲಿ ಕೂತು ಚಹಾದ ಒಲೆಯನ್ನೇ ನೋಡುತ್ತಿದ್ದಳು. ಕೊನೆಗೂ ಸಿಕ್ಕಿತು, ಅಂಚು ಇಲಿ ತಿಂದಿತ್ತು, ಮೊಹರು ಮಾತ್ರ ಇಡಿಯಾಗಿತ್ತು. ನಕಲಿಗೆ ಸಹಿ ಮಾಡಬೇಕಿದ್ದ ಕಚೇರಿಯ ಸಾಹೇಬರು ಅದನ್ನು ಮುಟ್ಟಲೇ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದು ಕಚೇರಿಯಲ್ಲಿ ಇರುವುದು ಹೇಗೆ?

ಸರಕಾರದ ಕೆಂಪು ಗೆರೆಯನ್ನು ಅಳಿಸುವಂತಿರಲಿಲ್ಲ. ಹಾಗಾಗಿ ನನಗಿಂತ ವಯಸ್ಸಾದ ಆ ಕಾಗದವನ್ನು ಪಟ್ಟಿಯಲ್ಲಿ ಅಂದೇ ಬಂದದ್ದೆಂದು ಬರೆದು, ಹೊಸ ನಂಬರು ಕೊಟ್ಟೆ. ಸಾಹೇಬರು ಸಂತೋಷದಿಂದ ನಕಲಿಗೆ ಸಹಿ ಮಾಡಿದರು.

"ಇನ್ನ ಹೊಲ ನಂದ ಅಲ್ಲೇನ್ರೀ ಅಕ್ಕಾರ?"

ಹೌದು ಎನ್ನಲು ಬಾಯಿ ತೆರೆದೆ. ಸುಳ್ಳು ಹೇಳುವುದನ್ನು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿರಲಿಲ್ಲ.

"ಇನ್ನೊಂದು ನಕಲು ತಗೋ," ಎಂದೆ. "ಅದನ್ನ ತವರಮನ್ಯಾಗ ಇಡು."